ಎರಡೂವರೆ ಸೆಂಟಿಮೀಟರಿನ ಅಪ್ಪ

ನನ್ನ ಮಗನ ಎತ್ತರ ನೂರ ಎರಡೂವರೆ ಸೆಂಟಿಮೀಟರ್. ಈ ವಿಷಯ ಕುವೈತಿನಲ್ಲಿ ನಮ್ಮದಲ್ಲದೆ ಇನ್ನೆರಡು ಮನೆಗಳಿಗೂ ಗೊತ್ತು. ಅವನ ಬ್ಲಡ್ ಗ್ರೂಪ್ ಅವರಿಗೆ ಗೊತ್ತಿಲ್ಲ. ನೆಲಕಡಲೆ ತಿಂದರೆ ಅವನಿಗೆ ಮೈಯೆಲ್ಲ ದದ್ದು ಏಳುತ್ತದೆ ಎನ್ನುವುದೂ ಗೊತ್ತಿಲ್ಲ. ಎತ್ತರ ಮಾತ್ರ ದಶಮಾಂಶ ಸಮೇತ ಬಾಯಿಪಾಠ.

ಯಾಕೆಂದರೆ ನಾವು ರಜೆಯ ಪ್ಲಾನ್ ಮಾಡುತ್ತಿದ್ದೆವು.

ರಜೆ ಎಂದರೆ ಕೆಲಸ ಇಲ್ಲದ ದಿನ ಎಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ತಪ್ಪು ತಿಳಿವಳಿಕೆ. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಥೀಮ್ ಪಾರ್ಕಿಗೆ ಹೊರಡುವವನಿಗೆ ರಜೆ ಎಂದರೆ ಎರಡನೆಯ ಉದ್ಯೋಗ. ಅದಕ್ಕೆ ಬಾಸ್ ಕೂಡ ಇರುತ್ತಾನೆ. ನಮ್ಮ ಬಾಸ್ ಜಯಂತಣ್ಣ.

ಜಯಂತಣ್ಣ ಉಡುಪಿ ಕಡೆಯವರು, ಮಂಗಫ್‌ನ ನಮ್ಮ ಬಿಲ್ಡಿಂಗಿನಲ್ಲೇ ನಾಲ್ಕನೇ ಮಾಳಿಗೆಯಲ್ಲಿ ಇರುತ್ತಾರೆ. ಅಹ್ಮದಿಯ ಒಂದು ಕಂಪನಿಯಲ್ಲಿ ಪ್ಲಾನಿಂಗ್ ಎಂಜಿನಿಯರ್. ರಿಫೈನರಿಯ ಘಟಕವನ್ನು ನಿಲ್ಲಿಸಿ ರಿಪೇರಿ ಮಾಡುವಾಗ ಯಾವ ಬೋಲ್ಟನ್ನು ಎಷ್ಟು ಗಂಟೆಗೆ ಬಿಚ್ಚಬೇಕು, ಎಷ್ಟು ಗಂಟೆಗೆ ಬಿಗಿಯಬೇಕು ಎಂದು ಬರೆದುಕೊಡುವುದು ಅವರ ಕೆಲಸ. ಆ ಕೆಲಸದಲ್ಲಿ ಭಾರೀ ನಿಪುಣರಂತೆ. ತೊಂದರೆ ಇಷ್ಟೇ, ಬೋಲ್ಟಿಗೂ ಮಕ್ಕಳಿಗೂ ಇರುವ ವ್ಯತ್ಯಾಸವನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಫೆಬ್ರವರಿ ಕೊನೆಯ ರಾಷ್ಟ್ರೀಯ ದಿನದ ರಜೆಗೆ ದುಬೈಯ ಥೀಮ್ ಪಾರ್ಕಿಗೆ ಹೋಗುವುದೆಂದು ನವೆಂಬರಿನಲ್ಲೇ ತೀರ್ಮಾನವಾಯಿತು. ಮೂರು ಕುಟುಂಬಗಳು. ಜಯಂತಣ್ಣ, ಅವರ ಹೆಂಡತಿ ಶೈಲಜಕ್ಕ, ಏಳು ವರ್ಷದ ಮಗಳು ಅನನ್ಯ. ನನ್ನ ಗೆಳೆಯ ಅಶ್ರಫ್, ಅವನ ಹೆಂಡತಿ, ಆರು ವರ್ಷದ ಮಗ. ಅಶ್ರಫ್ ಬಂಟ್ವಾಳದ ಬ್ಯಾರಿ, ಹವಲ್ಲಿಯ ಮೊಬೈಲ್ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷದಿಂದ ನಿಂತುಕೊಂಡೇ ಇದ್ದಾನೆ. ಇನ್ನು ನಾವು ನಾಲ್ವರು. ನಾನು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಲವೀನಾ, ಎಂಟು ವರ್ಷದ ಮಗಳು ರಿಯೋನಾ, ನಾಲ್ಕೂವರೆ ವರ್ಷದ ಮಗ ರಾಯನ್.

ಮೊದಲು ವಾಟ್ಸಾಪ್ ಗ್ರೂಪ್ ಹುಟ್ಟಿತು. (ಈಗಿನ ಕಾಲದಲ್ಲಿ ಮಗು ಹುಟ್ಟುವ ಮೊದಲೂ ಗ್ರೂಪ್ ಹುಟ್ಟುತ್ತದೆ.) ಶೈಲಜಕ್ಕ ದಿನಕ್ಕೆ ಹತ್ತು ರೀಲ್ಸ್ ಕಳಿಸತೊಡಗಿದರು. ಯಾರೋ ಗುರುತಿಲ್ಲದ ತಾಯಿ, ಕೂದಲು ಕೆದರದೆ, ಬೆವರದೆ, ಮೂರು ಮಕ್ಕಳನ್ನು ಪಾರ್ಕಿನಲ್ಲಿ ಓಡಾಡಿಸುತ್ತಾ, ನೀವು ಮಾಡಬಾರದ ಏಳು ತಪ್ಪುಗಳು ಎಂದು ನಗುನಗುತ್ತಾ ಹೇಳುತ್ತಾಳೆ. ನಾವು ಮೂರು ಮನೆಯವರು ಅದನ್ನು ಪ್ರವಚನ ಕೇಳುವ ಹಾಗೆ ಕೇಳಿ ಹೆಬ್ಬೆರಳು ಒತ್ತುತ್ತೇವೆ. ಆಕೆಯ ಮಕ್ಕಳಿಗೆ ಒಮ್ಮೆಯಾದರೂ ಮೂತ್ರ ಬರುವುದಿಲ್ಲವೇ ಎಂದು ನಾನು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ಉತ್ತರ ಬಂದದ್ದು ಎಕ್ಸೆಲ್ ಶೀಟಿನ ರೂಪದಲ್ಲಿ. ಜಯಂತಣ್ಣ ಅದನ್ನು ನಮ್ಮ ಟಿವಿಗೆ ಜೋಡಿಸಿ ತೋರಿಸಿದರು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಗೇಟು. ಒಂಬತ್ತು ಇಪ್ಪತ್ತೈದಕ್ಕೆ ಮೊದಲ ರೈಡ್. ಹತ್ತು ಐವತ್ತರಿಂದ ಹತ್ತು ಐವತ್ತೆಂಟರವರೆಗೆ ಟಾಯ್ಲೆಟ್. ನಾಲ್ಕು ಮಕ್ಕಳಿಗೆ ಎಂಟು ನಿಮಿಷ, ತಲೆಗೆ ಎರಡು. ಮಧ್ಯಾಹ್ನದ ನಂತರ ಒಂದು ಹಳದಿ ಪಟ್ಟಿಯಲ್ಲಿ 'ಫನ್' ಎಂದು ಬರೆದು ಇಪ್ಪತ್ತು ನಿಮಿಷ ಕೊಟ್ಟಿದ್ದರು. ಹಾಗಾದರೆ ಉಳಿದ ಎಂಟು ಗಂಟೆ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎಲ್ಲರಿಗೂ ಕಿತ್ತಳೆ ಬಣ್ಣದ ಟೀಶರ್ಟ್ ಎಂದೂ ತೀರ್ಮಾನವಾಯಿತು. ಮಕ್ಕಳು ಕಳೆದುಹೋದರೆ ಬೇಗ ಕಾಣಲಿ ಅಂತ. ಹತ್ತು ಮಂದಿ ಕಿತ್ತಳೆ ಬಣ್ಣದಲ್ಲಿ ಸಾಲಾಗಿ ನಡೆದರೆ ರೋಡ್ ಕೆಲಸಕ್ಕೆ ಬಂದವರೆಂದು ಯಾರಾದರೂ ಸಲಿಕೆ ಕೊಟ್ಟಾರು ಎಂದ ಅಶ್ರಫ್. ನಾನು, ಲವೀನಾ ನಕ್ಕೆವು. ಜಯಂತಣ್ಣ ನಗಲಿಲ್ಲ. ಅವರು ಮುಂದಿನ ಶೀಟಿಗೆ ಹೋದರು.

ಮುಂದಿನ ಶೀಟಿನಲ್ಲಿ ಮಕ್ಕಳಿದ್ದರು. ಹೆಸರು, ವಯಸ್ಸು, ಎತ್ತರ. ಮೂವರ ಹೆಸರಿನ ಮುಂದೆ ಹಸಿರು ಬಣ್ಣ. ರಾಯನ್ ಹೆಸರಿನ ಮುಂದೆ ಕೆಂಪು. ಪಾರ್ಕಿನ ಮುಖ್ಯ ರೋಲರ್ ಕೋಸ್ಟರಿಗೆ ನೂರ ಐದು ಸೆಂಟಿಮೀಟರ್ ಬೇಕಂತೆ, ಇವನಿಗೆ ಎರಡೂವರೆ ಕಮ್ಮಿ.

ರಾಯನ್‌ಗೆ ಓದಲು ಬರುವುದಿಲ್ಲ. ಆದರೆ ಬಣ್ಣ ಗೊತ್ತಾಗುತ್ತದೆ. ಅವತ್ತಿನಿಂದ ಅವನು ದಿನವೂ ಹಾಲು ಕುಡಿದ ತಕ್ಷಣ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನಿಲ್ಲತೊಡಗಿದ. ನಾನು ಪೆನ್ಸಿಲ್ ಹಿಡಿದು ಗೆರೆ ಎಳೆಯಬೇಕು. ಗೆರೆ ಅಲ್ಲೇ ಇರುತ್ತದೆ.

"ಡಾಡಾ, ಆಮ್ ಐ ಸ್ಟಿಲ್ ರೆಡ್?" ಎಂದು ಕೇಳುತ್ತಾನೆ.

ಅವನಿಗೆ ಏನು ಹೇಳಬೇಕಿತ್ತು? ನೀನು ಗಿಡ್ಡ ಅಲ್ಲ ಮಗನೇ, ಆ ಶೀಟು ಉದ್ದವಾಗಿದೆ ಎನ್ನಬೇಕಿತ್ತು. ನಾನು, ನಾಳೆ ನೋಡುವ ಎಂದೆ. ಎರಡು ತಿಂಗಳು ಅದನ್ನೇ ಹೇಳಿದೆ.

ಜನವರಿಯಲ್ಲಿ ಜಯಂತಣ್ಣ ಮತ್ತೊಂದು ಮೀಟಿಂಗ್ ಕರೆದರು. ಆಸ್ಪತ್ರೆ ಡ್ಯೂಟಿ ಇದ್ದ ಲವೀನಾ ಬಂದಿರಲಿಲ್ಲ. ಒಬ್ಬ ಹುಡುಗ ಹೊರಗೆ ನಿಂತರೆ ಅವನ ಜೊತೆ ದೊಡ್ಡವರೊಬ್ಬರು ನಿಲ್ಲಬೇಕು, ಆಗ ಗುಂಪು ಒಡೆಯುತ್ತದೆ, ಗುಂಪು ಒಡೆದರೆ ಹದಿನಾಲ್ಕು ನಿಮಿಷ ನಷ್ಟ ಎಂದು ವಿವರಿಸಿದರು. ಆಮೇಲೆ ಬಹಳ ಮೃದುವಾಗಿ ಒಂದು ಮಾತು ಹೇಳಿದರು.

"ಅರುಣ್, ಬೇಜಾರ ಮಾಡ್ಬೇಡಿ. ರಾಯನನ್ನು ಈ ಸಲ ಯಾರ ಹತ್ತಿರವಾದ್ರೂ ಬಿಟ್ಟು ಬರ್ಲಿಕ್ಕೆ ಆಗ್ತದಾ? ಮುಂದಿನ ವರ್ಷ ಹೇಗೂ ಬೆಳೀತಾನಲ್ಲ."

ಯಾರಾದರೂ ಮರ್ಯಾದಸ್ಥ ಅಪ್ಪ ಆದರೆ ಆ ಕ್ಷಣ ಎದ್ದು ಮನೆಗೆ ಬರುತ್ತಿದ್ದ. ನಾನು ಏನು ಮಾಡಿದೆ ಗೊತ್ತಾ? ಇಲ್ಲ ಜಯಂತಣ್ಣ, ಅಷ್ಟರಲ್ಲಿ ಅವನು ನೂರ ಐದು ಆಗ್ತಾನೆ ಎಂದೆ. ಎರಡು ತಿಂಗಳಲ್ಲಿ ಒಂದು ಕೂದಲೆಳೆಯಷ್ಟೂ ಏರದವನು ಆರು ವಾರದಲ್ಲಿ ಎರಡೂವರೆ ಸೆಂಟಿಮೀಟರ್ ಏರುತ್ತಾನೆ ಎಂದು ಮಾತು ಕೊಟ್ಟು ಬಂದೆ.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ನಾನು ಸ್ವತಃ ಐದಡಿ ಮೂರಿಂಚು. ಶಾಲೆಯಲ್ಲಿ ಏಳು ವರ್ಷ ಅಸೆಂಬ್ಲಿ ಸಾಲಿನ ಮೊದಲನೆಯವನು. ಮೊದಲು ನಿಲ್ಲುವುದು ಗೌರವ ಎಂದು ಅಮ್ಮ ನನ್ನನ್ನು ಸಮಾಧಾನ ಮಾಡುತ್ತಿದ್ದರು, ನಾನು ನಂಬುತ್ತಿರಲಿಲ್ಲ. ಮಗನ ಹೆಸರಿನ ಮುಂದಿದ್ದ ಆ ಕೆಂಪು ಬಣ್ಣ ನನಗೆ ಅವನಿಗಿಂತ ಹೆಚ್ಚು ಉರಿಯುತ್ತಿತ್ತು.

ಹವಲ್ಲಿಯಲ್ಲಿ ಅಶ್ರಫನ ಅಂಗಡಿಯ ಪಕ್ಕ ಒಂದು ಚಪ್ಪಲಿ ಅಂಗಡಿ ಉಂಟು. ಬೂಟಿನೊಳಗೆ ಇಟ್ಟುಕೊಂಡರೆ ಎತ್ತರ ಕಾಣಿಸುವ ಇನ್‌ಸೋಲ್ ಅಲ್ಲಿ ಸಿಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಎರಡು ಜೊತೆ ತಂದುಕೊಡು ಎಂದು ಅಶ್ರಫ್‌ಗೆ ಫೋನ್ ಮಾಡಿದೆ. ಯಾರಿಗೆ ಎಂದ. ನನಗೆ ಎಂದೆ. ಮದುವೆಯಾಗಿ ಹತ್ತು ವರ್ಷದ ಮೇಲೆ ಯಾರಿಗೆ ತೋರಿಸಲಿಕ್ಕೆ ಮಾರಾಯಾ ಎಂದು ನಕ್ಕ. ತಂದುಕೊಟ್ಟ.

ಲವೀನಾ ಡ್ಯೂಟಿಗೆ ಹೋದ ಮೇಲೆ ಅಡುಗೆಮನೆಯ ಕತ್ತರಿಯಲ್ಲಿ ಅದನ್ನು ಮಗನ ಪಾದದ ಅಳತೆಗೆ ಕತ್ತರಿಸಿದೆ. ಒಂದರ ಮೇಲೊಂದು ಎರಡು ಪದರ. ಒಂದು ಸೈಜ್ ದೊಡ್ಡ ಬೂಟು, ಪಾದದ ಗಂಟಿನವರೆಗೆ ಬರುವಂಥದ್ದು. ರಾಯನ್ ಹಾಕಿಕೊಂಡು ಚೌಕಟ್ಟಿಗೆ ನಿಂತ. ಗೆರೆ ಮೇಲೆ ಹೋಯಿತು. ನೂರ ಐದು, ಮೇಲೊಂದು ಚೂರು. ಈಗ ನೀನು ಟಾಲ್ ಎಂದೆ.

ಮಮ್ಮಾಗೆ ಹೇಳಬಾರದು, ಇದು ನಮ್ಮಿಬ್ಬರ ಸೀಕ್ರೆಟ್ ಎಂದೆ. ಅವನು ತಲೆ ಆಡಿಸಿದ. ಅವನ ಮುಖದಲ್ಲಿ ಇದ್ದ ಸಂತೋಷ ನೋಡಿ ನಾನು ಎಂಥ ಒಳ್ಳೆಯ ಅಪ್ಪ ಎಂದು ಅನ್ನಿಸಿತು. ನಾಲ್ಕೂವರೆ ವರ್ಷದವನಿಗೆ ಸುಳ್ಳು ಹೇಳಲು ಕಲಿಸಿದ ಕೈಯಲ್ಲೇ ಅವನ ಕೆನ್ನೆ ಸವರಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಜಯಂತಣ್ಣನ ಪ್ಲಾನಿನಲ್ಲಿ 'ಟ್ರಯಲ್ ರನ್' ಎಂದೊಂದು ಸಾಲು ಇತ್ತು. ದುಬೈಗೆ ಹೋಗುವ ಮೊದಲು ಇಲ್ಲಿಯ ಮಾಲ್ ಒಂದರ ಆಟದ ವಿಭಾಗದಲ್ಲಿ ಮಕ್ಕಳಿಗೆ ಕ್ಯೂ ನಿಲ್ಲುವ, ಹೆದರದೆ ಕೂರುವ ಅಭ್ಯಾಸ ಮಾಡಿಸಬೇಕು. (ಆಟ ಆಡಲು ರಿಹರ್ಸಲ್. ಇನ್ನು ಮಕ್ಕಳು ನಿದ್ದೆ ಮಾಡಲಿಕ್ಕೂ ಟ್ರೈನಿಂಗ್ ತೆಗೆದುಕೊಳ್ಳಬೇಕಾದೀತು.) ಶುಕ್ರವಾರ ಮಧ್ಯಾಹ್ನ ಹೊರಟೆವು. ಲವೀನಾಳಿಗೆ ಅವತ್ತೂ ಡ್ಯೂಟಿ.

ಮಾಲ್‌ನ ಹೆಸರು ಬೇಡ. ಒಳಗೆ ಒಂದು ಪುಟ್ಟ ರೋಲರ್ ಕೋಸ್ಟರ್ ಉಂಟು. ಮೂರು ಸುತ್ತು, ಎರಡು ಇಳಿಜಾರು, ಒಂದು ಜೋರಾದ ತಿರುವು. ಅದಕ್ಕೂ ನೂರ ಐದೇ ಬೇಕು. ಬಾಗಿಲಲ್ಲಿ ಅಳತೆಯ ಕೋಲು ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ನಲವತ್ತರ ಆಸುಪಾಸು, ನೇಪಾಳದವಳು, ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಮೀನಾ ಎಂದಿತ್ತು. ಒಂದೊಂದು ಮಗುವಿನ ಜೊತೆಯೂ ಎರಡು ಮಾತಾಡಿ ಒಳಗೆ ಬಿಡುತ್ತಿದ್ದಳು.

ರಾಯನ್ ಸರದಿ ಬಂತು. ಕೋಲಿಗೆ ತಲೆ ತಾಗಿತು. ಆಕೆ ಅವನ ಬೂಟು ನೋಡಿದಳು, ಅವನ ಮುಖ ನೋಡಿದಳು. ಅವನು ಹಲ್ಲೆಲ್ಲ ತೋರಿಸಿ ನಕ್ಕ. ಆಕೆಯೂ ನಕ್ಕಳು, ಅನನ್ಯಳ ಪಕ್ಕದಲ್ಲಿ ಕೂರಿಸಿ ಕಂಬಿ ಕೆಳಗಿಳಿಸಿದಳು.

ಮೊದಲ ಸುತ್ತು ಸರಿ ಹೋಯಿತು. ನಾನು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದೆ. ಎರಡನೆಯ ಸುತ್ತಿನ ತಿರುವಿನಲ್ಲಿ ಸ್ಕ್ರೀನಿನಲ್ಲಿ ರಾಯನ್ ತಲೆ ಕಾಣಲಿಲ್ಲ.

ಮೊದಲು ಫೋಕಸ್ ತಪ್ಪಿತು ಎಂದುಕೊಂಡೆ. ನನ್ನಂಥವರ ಬುದ್ಧಿ ಮೊದಲು ಓಡುವುದು ಕ್ಯಾಮೆರಾದ ಕಡೆಗೆ. ಅಷ್ಟರಲ್ಲಿ ಅನನ್ಯ ಕಿರುಚಿದಳು. ಅವನು ಕಂಬಿಯ ಕೆಳಗಿನಿಂದ ಜಾರಿ, ಮಂಡಿ ಗಲ್ಲಕ್ಕೆ ತಾಗುವ ಹಾಗೆ ಮಡಚಿಕೊಂಡು ಮುಂದಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ. ಒಂದು ಕಾಲು ಹೊರಗೆ ಬಂದಿತ್ತು.

ನಾನು ಕದಲಲಿಲ್ಲ. ಕದಲಿದವಳು ಮೀನಾ. ಬಟನ್ ಒತ್ತಿ, ಗಾಡಿ ಪೂರ್ತಿ ನಿಲ್ಲುವುದರೊಳಗೆ ಪಕ್ಕದ ಹಲಗೆಯ ಮೇಲೆ ಓಡಿ, ಹೊರಗೆ ಬಂದ ಅವನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಳ್ಳಿದಳು. ಆಮೇಲೆ ಅವನನ್ನು ಎತ್ತಿಕೊಂಡು ತಂದಳು. ತುಟಿ ಒಡೆದು ರಕ್ತ. ಮುಂದಿನ ಒಂದು ಹಲ್ಲು ಅಲುಗುತ್ತಿತ್ತು. ಅವನು ಅಳುತ್ತಾ ನನ್ನ ಹತ್ತಿರ ಬರಲು ಒಪ್ಪದೆ ಆಕೆಯ ಕುತ್ತಿಗೆ ಹಿಡಿದುಕೊಂಡಿದ್ದ.

ಮುಂದಿನದು ಜಯಂತಣ್ಣನ ಪಾಲಿಗೆ ಬಂತು. ಅವರಿಗೆ ಎಮರ್ಜೆನ್ಸಿ ಎಂದರೆ ಹುರುಪು. ಒಡೆದ ತುಟಿಯ ಫೋಟೋ ತೆಗೆದರು, ಮೂರು ಕೋನದಿಂದ. ಮ್ಯಾನೇಜರನ್ನು ಕರೆಸಿ ಇಂಗ್ಲಿಷಿನಲ್ಲಿ ದಬಾಯಿಸಿದರು. ನೂರ ಐದು ಇಲ್ಲದ ಮಗುವನ್ನು ಹೇಗೆ ಬಿಟ್ಟಿರಿ ಎನ್ನುವುದೇ ಅವರ ಪ್ರಶ್ನೆ. ಅವರ ಶೀಟಿನಲ್ಲಿ ರಾಯನ್ ಇನ್ನೂ ಕೆಂಪೇ ಇದ್ದನಲ್ಲ. ಮ್ಯಾನೇಜರ್ ಈಜಿಪ್ಟಿನವರು, ವಯಸ್ಸಾದ ಮನುಷ್ಯ. ಕ್ಷಮೆ ಕೇಳಿದರು, ಐಸ್ ತರಿಸಿದರು, ಮೀನಾಳ ಕಡೆ ತಿರುಗಿ ಅಳತೆ ಮಾಡಿದ್ದೀಯಾ ಎಂದು ಕೇಳಿದರು.

"ನಾಪಾ ಥಾ ಸರ್," ಎಂದಳು ಆಕೆ. ಅಳೆದಿದ್ದೆ. ಹಾಗೆ ಹೇಳಿ ನನ್ನ ಕಡೆ ನೋಡಿದಳು. ಅಪ್ಪ ನೋಡುತ್ತಾ ನಿಂತಿದ್ದನಲ್ಲ, ಅವನು ಸಾಕ್ಷಿ ಹೇಳಿಯಾನು ಎಂದು.

ನಾನು ಮಗನ ತುಟಿಗೆ ಐಸ್ ಒತ್ತುತ್ತಾ ನೆಲ ನೋಡಿದೆ.

ಆಕೆಯ ಬ್ಯಾಡ್ಜ್ ತೆಗೆಸಿ ಆಫೀಸಿಗೆ ಕಳಿಸಿದರು. ಜಯಂತಣ್ಣ ಅಲ್ಲೇ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಕಂಪ್ಲೇಂಟ್ ಟೈಪ್ ಮಾಡಿದರು. ಬೇಜವಾಬ್ದಾರಿ ಸಿಬ್ಬಂದಿ, ಕಠಿಣ ಕ್ರಮ, ಇತ್ಯಾದಿ. ಕೆಳಗೆ ಮೊದಲು ನನ್ನ ಹೆಸರು, ಮಗುವಿನ ತಂದೆ. ಕಳಿಸ್ಲಾ ಎಂದು ಕೇಳಿದರು. ನಾನು ಹೂಂ ಎಂದೆ. ಒಂದು ಅಕ್ಷರ ಮತ್ತು ಒಂದು ಸೊನ್ನೆ. ಅಷ್ಟು ಸಾಕಾಗುತ್ತದೆ ಒಬ್ಬರ ಅನ್ನ ಕಿತ್ತುಕೊಳ್ಳಲು.

ಸಂಜೆ ಲವೀನಾ ಬಂದಳು. ಮಗನ ಬಾಯಿ ನೋಡಿದಳು, ಹಲ್ಲು ಮುಟ್ಟಿ ನೋಡಿದಳು, ಹೊಲಿಗೆ ಬೇಡ ಎಂದಳು. ನರ್ಸುಗಳು ಮನೆಯಲ್ಲಿ ಗಾಬರಿಯಾಗುವುದಿಲ್ಲ, ಅದು ನಮಗೆ ಇನ್ನಷ್ಟು ಭಯ. ಆಮೇಲೆ ರಕ್ತ ತಾಗಿದ ಬೂಟನ್ನು ತೊಳೆಯಲು ತೆಗೆದುಕೊಂಡು ಹೋದಳು. ನಾನು ಬೇಡ ಎನ್ನುವುದರೊಳಗೆ ಒಳಗಿನ ಎರಡು ಪದರ ಅವಳ ಕೈಯಲ್ಲಿತ್ತು. ಕತ್ತರಿಯ ಅಂಚು ಡೊಂಕುಡೊಂಕಾಗಿ ಕಾಣುತ್ತಿತ್ತು.

ಕೂಗಾಡಿದ್ದರೆ ಒಳ್ಳೆಯದಿತ್ತು. ಅವಳು ಟೇಬಲ್ ಮೇಲೆ ಇನ್‌ಸೋಲ್ ಇಟ್ಟು, ಅದಕ್ಕೆ ಎದುರಾಗಿ ಕೂತು, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿಸಿದಳು. ಕಂಪ್ಲೇಂಟಿನ ವಿಷಯಕ್ಕೆ ಬಂದಾಗ ಮನೆಮಾತು ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದಳು. ಮಕ್ಕಳಿಗೆ ಅರ್ಧಂಬರ್ಧ ಮಾತ್ರ ಅರ್ಥವಾಗಲಿ ಎನ್ನುವ ಮಾತಿಗೆ ನಮ್ಮ ಮನೆಯಲ್ಲಿ ಕನ್ನಡ.

"ಆ ಹೆಂಗಸು ಕೈ ಹಾಕದಿದ್ರೆ ಇವನ ಕಾಲು ಇರ್ತಿರ್ಲಿಲ್ಲ. ಅವಳ ಇಕಾಮಾ ಕ್ಯಾನ್ಸಲ್ ಮಾಡ್ಲಿಕ್ಕೆ ನೀನು ಸೈನ್ ಹಾಕಿ ಬಂದಿದ್ದೀ. ಊಟ ಹಾಕ್ಲಾ?"

ಗಲ್ಫಿನಲ್ಲಿ ಇರುವ ನಮಗೆ ಇಕಾಮಾ ಎಂದರೆ ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ವಾಸಿಸಲು, ಉಸಿರಾಡಲು ಕೊಟ್ಟ ಕಾಗದ ಅದು. ಕೆಲಸ ಖಲಾಸ್ ಆದರೆ ಅದೂ ಖಲಾಸ್, ಪೆಟ್ಟಿಗೆ ಕಟ್ಟು. ನನ್ನ ಕಂಪನಿಯವರು ಇಕಾಮಾ ರಿನ್ಯೂ ಮಾಡಲು ಹತ್ತು ದಿನ ತಡಮಾಡಿದರೆ ನಾನು ಮನೆಯಲ್ಲಿ ಹುಲಿಯಂತೆ ತಿರುಗುತ್ತೇನೆ. ಇನ್ನೊಬ್ಬರ ಇಕಾಮಾವನ್ನು ಒಂದು ಹೂಂಕಾರದಲ್ಲಿ ಬಿಟ್ಟುಕೊಟ್ಟಿದ್ದೆ. ಯಾತಕ್ಕೆ? ಮೂರು ನಿಮಿಷದ ರೈಡಿಗೆ.

ಮರುದಿನ ಬೆಳಿಗ್ಗೆ ಅಶ್ರಫ್‌ಗೆ ಫೋನ್ ಮಾಡಿ ನಿಜ ಹೇಳಿದೆ. ಮಗುವಿನ ಕಾಲಿಗೆ ಇಡುವುದಕ್ಕೆ ಅಂತ ಹೇಳಿದ್ರೆ ನಾನು ತರ್ತಿರಲಿಲ್ಲ, ಅದಕ್ಕೇ ನೀನು ಹೇಳ್ಲಿಲ್ಲ ಅಲ್ವಾ ಎಂದ. ನಾನು ಹೌದು ಎಂದೆ. ಬೇರೆ ಬೈಗುಳ ಬರಲಿಲ್ಲ. ಅರ್ಧ ಗಂಟೆಯಲ್ಲಿ ಕಾರು ತಂದು ಕೆಳಗೆ ನಿಲ್ಲಿಸಿದ.

ಮಾಲ್‌ನ ಆಫೀಸಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೀನಾ ಕೂತಿದ್ದಳು. ಯೂನಿಫಾರ್ಮ್ ಇರಲಿಲ್ಲ, ಮನೆಯ ಸಲ್ವಾರ್. ಹೆಡ್ ಆಫೀಸಿನವರು ಬಂದು ವಿಚಾರಣೆ ಮಾಡುತ್ತಾರೆ, ಅಲ್ಲಿಯವರೆಗೆ ಕೂತಿರು ಎಂದಿದ್ದರಂತೆ. ಬೆಳಿಗ್ಗೆಯಿಂದ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಬಚ್ಚಾ ಕೈಸಾ ಹೈ ಎಂದು ಕೇಳಿದಳು. ಹೌದು, ಮಗು ಹೇಗಿದೆ ಎಂದೇ ಮೊದಲು ಕೇಳಿದಳು.

ನಾನು ಒಳಗೆ ಹೋಗಿ ಮ್ಯಾನೇಜರ್ ಟೇಬಲ್ ಮೇಲೆ ಇನ್‌ಸೋಲ್ ಇಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ, ಮತ್ತೆ ಇಟ್ಟರು. ಬೂಟಿನೊಳಗೆ ಟಿಶ್ಯೂ ತುರುಕಿದವರನ್ನು ನೋಡಿದ್ದೇನೆ, ಮೂರು ಮೂರು ಸಾಕ್ಸ್ ಹಾಕಿಸಿದವರನ್ನು ನೋಡಿದ್ದೇನೆ, ಕೂದಲನ್ನು ಮೇಲಕ್ಕೆ ಜುಟ್ಟು ಕಟ್ಟಿಸಿ ತಂದವರನ್ನು ನೋಡಿದ್ದೇನೆ, ಕತ್ತರಿಯಲ್ಲಿ ಕತ್ತರಿಸಿ ತಂದ ಅಪ್ಪ ನೀನೇ ಮೊದಲು ಎಂದರು. ಆಮೇಲೆ ಒಂದು ಖಾಲಿ ಹಾಳೆ ಮತ್ತು ಪೆನ್ನು ನನ್ನ ಕಡೆ ತಳ್ಳಿದರು.

ವಾರವಾರ ಈ ಅಂಕಣ ಬರೆಯುವ ಮನುಷ್ಯ ನಾನು. ಸಾವಿರ ಪದ ಒಂದು ಸಂಜೆಯಲ್ಲಿ ಮುಗಿಸುತ್ತೇನೆ ಎಂದು ಜಂಬ. ಆ ಐದು ಸಾಲು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಮೊದಲ ಸಲ 'ಅಚಾತುರ್ಯದಿಂದ' ಎಂಬರ್ಥ ಬರುವ ಇಂಗ್ಲಿಷ್ ಪದ ಬರೆದೆ. ಹಿಂದೆ ನಿಂತಿದ್ದ ಅಶ್ರಫ್ ಅದರ ಮೇಲೆ ಬೆರಳಿಟ್ಟ. ಹೊಡೆದು ಹಾಕಿ, ಬೇಕೆಂದೇ ಎಂದು ಬರೆದೆ. ಅಳತೆ ಸರಿಯಾಗಿಯೇ ಆಗಿತ್ತು, ಮೋಸ ನನ್ನದು, ನನ್ನ ಮಗನನ್ನು ಉಳಿಸಿದ್ದು ಈಕೆ. ಕೆಳಗೆ ಸಹಿ, ಸಿವಿಲ್ ಐಡಿ ನಂಬರ್.

ಮ್ಯಾನೇಜರ್ ಓದಿ ಫೋನ್ ಎತ್ತಿದರು. ಅರಬ್ಬಿಯಲ್ಲಿ ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ತೀರ್ಪು ಬಂತು. ಮೀನಾಳ ಕೆಲಸ ಉಳಿಯುತ್ತದೆ, ಆದರೆ ರೈಡಿನ ಮೇಲೆ ಅಲ್ಲ, ಟೋಕನ್ ಕೌಂಟರಿನಲ್ಲಿ. ಬೂಟು ಕಳಚಿಸಲಿಲ್ಲ ಎನ್ನುವುದಕ್ಕೆ ಒಂದು ಲಿಖಿತ ಎಚ್ಚರಿಕೆ. ನಮ್ಮ ಕುಟುಂಬಕ್ಕೆ ಆ ಜಾಗದಲ್ಲಿ ಒಂದು ವರ್ಷ ಪ್ರವೇಶ ಇಲ್ಲ. ನನಗೆ ಸಿಕ್ಕಿದ್ದು ಕಮ್ಮಿಯಾಯಿತು ಎನ್ನುವುದು ನನ್ನ ಅಭಿಪ್ರಾಯ, ಆಕೆಗೆ ಸಿಕ್ಕಿದ್ದು ಅನ್ಯಾಯ.

ಹೊರಗೆ ಬಂದು ಕ್ಷಮೆ ಕೇಳಿದೆ. ಆಕೆ ಪರವಾಗಿಲ್ಲ ಎನ್ನಲಿಲ್ಲ. ಯಾಕೆ ಅನ್ನಬೇಕು? ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು, ನನಗೆ ಬೂಟು ನೋಡಿ ಸಂಶಯ ಬಂದಿತ್ತು ಸಾಬ್, ಕಳಚು ಅಂತ ಹೇಳಬೇಕು ಅಂತಿದ್ದೆ, ಮಗು ಅಷ್ಟು ಖುಷಿಯಲ್ಲಿ ನಿಂತಿತ್ತು, ಬಾಯಿ ಬರಲಿಲ್ಲ. ಇನ್ನು ಮೇಲೆ ಯಾರ ಮುಖವನ್ನೂ ನೋಡುವುದಿಲ್ಲ ಎಂದಳು.

ಮನೆಗೆ ಬಂದು ಗ್ರೂಪಿನಲ್ಲಿ ನಡೆದದ್ದನ್ನು ಬರೆದೆ. ಜಯಂತಣ್ಣ ಕೆಳಗಿಳಿದು ಬಂದರು. ಮಗ ಹೇಗಿದ್ದಾನೆ ಎಂದು ಕೇಳಿಯಾರು ಎಂದುಕೊಂಡೆ. ಅವರ ಚಿಂತೆ ಬೇರೆ. ಸಿವಿಲ್ ಐಡಿ ಬರೆದುಕೊಟ್ಟು ಬಂದದ್ದು ದೊಡ್ಡ ದಡ್ಡತನ, ಕಂಪ್ಲೇಂಟಿನಲ್ಲಿ ತಮ್ಮ ಹೆಸರೂ ಇದೆ, ನಾಳೆ ತಮಗೇನಾದರೂ ತೊಂದರೆ ಬಂದರೆ ಯಾರು ಹೊಣೆ ಎಂದರು. ಆಕೆಗೆ ಬೇರೆ ಎಲ್ಲಾದರೂ ಕೆಲಸ ಸಿಗುತ್ತಿತ್ತು ಎಂದೂ ಹೇಳಿದರು. ಸಿಗ್ತದೆ, ಎಕ್ಸೆಲ್‌ನಲ್ಲಿ ಎಲ್ಲರಿಗೂ ಸಿಗ್ತದೆ ಎಂದಳು ಲವೀನಾ, ಅವರಿಗೆ ಚಹಾ ಕೊಡುತ್ತಾ. ಅವರು ಚಹಾ ಮುಟ್ಟದೆ ಹೋದರು. ಸಂಜೆಯೊಳಗೆ ನನ್ನನ್ನು ಗ್ರೂಪಿನಿಂದ ತೆಗೆದಿದ್ದರು. ಐದು ನಿಮಿಷದ ಮೇಲೆ ಅಶ್ರಫ್ ತಾನೇ ಹೊರಬಿದ್ದ.

ದುಬೈಗೆ ಹೋದೆವು. ಹೋಗದೆ ಇರಬಹುದಿತ್ತು, ಆದರೆ ರಿಯೋನಾ ಏನು ತಪ್ಪು ಮಾಡಿದ್ದಳು? ನಾವು ಮತ್ತು ಅಶ್ರಫ್ ಮನೆಯವರು. ಶೀಟಿಲ್ಲ, ಕಿತ್ತಳೆ ಟೀಶರ್ಟಿಲ್ಲ. ಗೇಟು ತಲುಪುವಾಗಲೇ ಹನ್ನೊಂದು ಗಂಟೆ.

ನೀವೀಗ ಒಂದು ಸಿಹಿಯಾದ ಕೊನೆಗಾಗಿ ಕಾಯುತ್ತಿದ್ದೀರಿ. ಮಗು ರೈಡ್ ಮರೆತು ಬಲೂನು ಹಿಡಿದು ನಕ್ಕಿತು ಎಂದು ನಾನು ಬರೆಯಬೇಕು. ರೀಲ್ಸ್ ತಾಯಂದಿರು ಹಾಗೆ ಮಾಡುತ್ತಾರೆ. ನಡೆದದ್ದು ಬೇರೆ. ಮುಖ್ಯ ರೋಲರ್ ಕೋಸ್ಟರಿನ ಬಾಗಿಲಲ್ಲಿ ಬೂಟು ಕಳಚಿಸಿ ಅಳೆದರು. ನೂರ ಮೂರು. ಆಗುವುದಿಲ್ಲ ಎಂದರು. ರಾಯನ್ ಅಲ್ಲೇ ನೆಲದ ಮೇಲೆ ಕೂತು ಅತ್ತ. ಐಸ್‌ಕ್ರೀಮ್ ಕೊಟ್ಟರೆ ಬಿಸಾಡಿದ. ಕಸದ ಡಬ್ಬಿಗೆ ಒದ್ದ. ನಾನು ಹತ್ತಿರ ಹೋದರೆ "ಯೂ ಸೆಡ್ ಐ ಆಮ್ ಟಾಲ್," ಎಂದ. ನಾನು ಹಾಗೆ ಹೇಳಿದ್ದು ನಿಜ. ಮಧ್ಯಾಹ್ನವಿಡೀ ಅವನು ನನ್ನ ಕೈ ಹಿಡಿಯಲಿಲ್ಲ, ಅಮ್ಮನ ಕೈ ಹಿಡಿದುಕೊಂಡು ನಡೆದ. ಅವನ ಕೋಪ ನ್ಯಾಯವಾದದ್ದು. ಅದನ್ನು ಐಸ್‌ಕ್ರೀಮಿನಿಂದ ಕೊಳ್ಳಲು ಹೊರಟದ್ದೇ ನನ್ನ ಮತ್ತೊಂದು ಸಣ್ಣತನ.

ಅಲ್ಲೇ ಜಯಂತಣ್ಣನ ಕುಟುಂಬವೂ ಕಂಡಿತು. ಮೂರು ಕಿತ್ತಳೆ ಚುಕ್ಕೆಗಳು. ಅನನ್ಯ ಕ್ಯೂನಲ್ಲಿ ಅಪ್ಪನ ಷರ್ಟು ಹಿಡಿದು, ಬೇಡ ಪಪ್ಪಾ, ಬೇಡ ಪಪ್ಪಾ ಎನ್ನುತ್ತಿದ್ದಳು. ಅವತ್ತು ಮಾಲ್‌ನಲ್ಲಿ ಪಕ್ಕದಲ್ಲಿ ಕೂತು ಕಿರುಚಿದ್ದವಳು ಅವಳೇ ತಾನೇ? ಜಯಂತಣ್ಣ ವಾಚು ನೋಡುತ್ತಿದ್ದರು. ಶೈಲಜಕ್ಕ ಮೊಬೈಲ್ ಎತ್ತಿ ಹಿಡಿದು ಸ್ಮೈಲ್ ಮಾಡು ಮಗಾ ಎನ್ನುತ್ತಿದ್ದರು. ಅವಳ ಎತ್ತರ ಸರಿ ಇತ್ತು. ಹಾಗಾಗಿ ಅವಳನ್ನು ಒಳಗೆ ಬಿಟ್ಟರು.

ನೂರ ಐದು ಸೆಂಟಿಮೀಟರ್ ಇದೆಯಾ ಎಂದು ಅಳೆಯಲು ಕೋಲು ಉಂಟು. ಮಗುವಿಗೆ ಮನಸ್ಸು ಇದೆಯಾ ಎಂದು ಅಳೆಯಲು ಯಾವ ಬಾಗಿಲಲ್ಲೂ ಯಾರೂ ನಿಂತಿಲ್ಲ. ಆ ಕೆಲಸಕ್ಕೆ ನೇಮಕವಾದವರು ನಾವು. ನಾವು ವಿಡಿಯೋ ಮಾಡುತ್ತಿರುತ್ತೇವೆ.

ಎರಡು ಕೋಣೆಯ ಫ್ಲಾಟಿನಲ್ಲಿ, ವರ್ಷದ ಆರು ತಿಂಗಳು ಕಿಟಕಿ ತೆರೆಯಲಾಗದೆ, ಎಸಿ ಗಾಳಿಯಲ್ಲಿ ಮಕ್ಕಳನ್ನು ಸಾಕುತ್ತೇವೆ. ಆ ಪಾಪಪ್ರಜ್ಞೆಯನ್ನು ವರ್ಷಕ್ಕೆ ಒಂದು ದಿನ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ತೊಳೆದುಕೊಳ್ಳಲು ಹೋಗುತ್ತೇವೆ. ಮಕ್ಕಳಿಗಾಗಿ ಎನ್ನುತ್ತೇವೆ. ರಾಯನ್‌ಗೆ ಆ ರೈಡ್ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಇಲ್ಲ ಎಂದು ಕೇಳಿಸಿಕೊಂಡು ಅತ್ತು, ಒಂದು ವರ್ಷ ಕಾಯುವುದು ಅವನಿಗೆ ಆಗುತ್ತಿತ್ತು. ಇಲ್ಲ ಎಂದು ಹೇಳುವುದು ನನಗೆ ಆಗಲಿಲ್ಲ.

ಕಳೆದ ಶುಕ್ರವಾರ ನಮ್ಮ ಕಡೆಯವರ ಒಂದು ಊಟದ ಕೂಟದಲ್ಲಿ ಈ ಕಥೆಯನ್ನು ನಾಲ್ಕು ಜನರೆದುರು ಹೇಳಿದೆ, ನನ್ನ ಪಾಲಿನ ಹೇಸಿಗೆಯನ್ನೂ ಬಿಡದೆ. ಎಲ್ಲರೂ ಚ್ಚ ಚ್ಚ ಎಂದರು. ಕೈ ತೊಳೆಯುವಲ್ಲಿ ಒಬ್ಬರು ನನ್ನ ಹಿಂದೆಯೇ ಬಂದು, ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು. ಬೈಯುತ್ತಾರೆ ಎಂದು ತಲೆ ಬಗ್ಗಿಸಿದೆ.

ಅವರು ಕೇಳಿದ್ದು ಅಂಗಡಿಯ ವಿಳಾಸ. ನಾನು ಹೇಳಲಿಲ್ಲ, ಆದರೆ ನಾನು ಹೇಳದಿದ್ದರೆ ಅವರಿಗೆ ಹವಲ್ಲಿಯಲ್ಲಿ ಒಂದು ಚಪ್ಪಲಿ ಅಂಗಡಿ ಸಿಗುವುದಿಲ್ಲವೇ?